ಅಜ್ಜನ ಮನೆ, ಇಗರ್ಜಿ, ಸಮಾಧಿ: ಹುಡುಕಿಕೊಂಡು ಬರುವವರು ಮೊದಲು ಏನು ಕೇಳಬೇಕು?

ಕ್ರಿಸ್ಮಸ್ ರಜೆ ಹತ್ತಿರ ಬಂತೆಂದರೆ ದಕ್ಷಿಣ ಕನ್ನಡ ಜಿಲ್ಲೆಯ ಸಣ್ಣಪುಟ್ಟ ಪೇಟೆಗಳಲ್ಲೂ ಹೊರಗಿನ ನಂಬರಿನ ಕಾರುಗಳು ಕಾಣಿಸುತ್ತವೆ. ಮುಂಬೈ, ಬೆಂಗಳೂರು, ಗಲ್ಫ್, ಕೆನಡಾ ಅಂತ ಹಂಚಿಹೋದ ಕುಟುಂಬಗಳು ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ಅಜ್ಜನ ಮನೆ, ಅಜ್ಜನಿಗೆ ಜ್ಞಾನಸ್ನಾನ ಆದ ಇಗರ್ಜಿ, ಅಜ್ಜ ಅಜ್ಜಿಯನ್ನು ಮಣ್ಣು ಮಾಡಿದ ಜಾಗ ನೋಡಲು ಬರುತ್ತವೆ. ಕಾರು ನಿಲ್ಲುವುದು ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿ ಮುಂದೆ. ಕೇಳುವ ಪ್ರಶ್ನೆಯೂ ಒಂದೇ: "ಇಲ್ಲಿ ಡಿಸೋಜರ ಹಳೇ ಮನೆ ಎಲ್ಲಿ ಬರ್ತದೆ?"

ಅಂಗಡಿಯವರು ಏನು ಹೇಳುವುದು? ಡಿಸೋಜರ ಮನೆ ಗುಡ್ಡಕ್ಕೊಂದು ಉಂಟು. ಪಿಂಟೊ, ಲೋಬೊ, ಫೆರ್ನಾಂಡಿಸ್ ಕೂಡ ಹಾಗೆಯೇ. ಬಂದವರು ಎರಡು ದಿನ ತಿರುಗಿ, ಇಗರ್ಜಿಯ ಎದುರು ಒಂದು ಫೋಟೊ ತೆಗೆದು, ಮನೆಯೂ ಸಿಗದೆ ಸಮಾಧಿಯೂ ಸಿಗದೆ ವಾಪಸ್ ಹೋಗುತ್ತಾರೆ. ಹೆಚ್ಚಿನವರು ಎಡವುವುದು ಒಂದೇ ಕಡೆ: ಕೊನೆಗೆ ಹುಡುಕಬೇಕಾದ್ದನ್ನು ಮೊದಲು ಹುಡುಕುತ್ತಾರೆ. ಸರಿಯಾದ ಕ್ರಮ ಹೀಗೆ: ಮೊದಲು ಮನೆಯ ಹಿರಿಯರು, ಆಮೇಲೆ ಇಗರ್ಜಿಯ ಪುಸ್ತಕ, ಆಮೇಲೆ ಮನೆ, ಕೊನೆಗೆ ಸಮಾಧಿ. ಯಾಕೆ ಹೀಗೆ ಅನ್ನುವುದನ್ನು ಒಂದೊಂದಾಗಿ ನೋಡುವ.

ಹೆಸರಿಗಿಂತ ಮನೆ ಹೆಸರು ಮುಖ್ಯ

ನಮ್ಮ ಕರಾವಳಿಯ ಕೊಂಕಣಿ ಕ್ಯಾಥೊಲಿಕರಲ್ಲಿ ಹೆಚ್ಚಿನವರ ಹಿರಿಯರು ಗೋವಾದಿಂದ ಬಂದವರು. 1560ರಲ್ಲಿ ಅಲ್ಲಿ ಶುರುವಾದ ಇನ್‌ಕ್ವಿಸಿಷನ್, ಬರಗಾಲ, ರೋಗ, 1683ರ ಮರಾಠರ ದಾಳಿ ಹೀಗೆ ಬೇರೆ ಬೇರೆ ಕಾರಣಕ್ಕೆ ಬೇರೆ ಬೇರೆ ಕಾಲದಲ್ಲಿ ಗುಂಪು ಗುಂಪಾಗಿ ಬಂದು ಇಲ್ಲಿ ಬೇಸಾಯಕ್ಕೆ ಇಳಿದರು. ಪೋರ್ಚುಗೀಸ್ ಅಡ್ಡಹೆಸರುಗಳು ಕೆಲವೇ ಇದ್ದದ್ದರಿಂದ ಒಂದೇ ಊರಿನಲ್ಲಿ ಸಂಬಂಧವೇ ಇಲ್ಲದ ಐದಾರು ಡಿಸೋಜ ಕುಟುಂಬ ಇರುವುದು ಮಾಮೂಲಿ. ಕೆಲವು ಮನೆಗಳಲ್ಲಿ ಮಾತ್ರ ಪ್ರಭು, ಕಾಮತ್, ಪೈ, ಶೇಟ್, ನಾಯಕ್ ಅಂತ ಹಳೆಯ ಕುಟುಂಬದ ಹೆಸರಿನ ನೆನಪು ಉಳಿದಿದೆ. ಅದು ಗೊತ್ತಿದ್ದರೆ ದೊಡ್ಡ ಉಪಕಾರ.

ಅಡ್ಡಹೆಸರಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ತುಳು ಮನೆ ಹೆಸರು. ಬೈಲು, ಮಜಲು, ಬೆಟ್ಟು, ಪದವು, ಕೋಡಿ, ಪಾಡಿ ಅಂತ ಕೊನೆಯಾಗುವ ಹೆಸರುಗಳು ಸುಮ್ಮನೆ ಇಟ್ಟದ್ದಲ್ಲ. ನೀರು ನಿಲ್ಲುವ ತಗ್ಗಿನ ಗದ್ದೆ ಬೈಲು, ನಡುವಿನ ಎತ್ತರದ್ದು ಮಜಲು, ಮಳೆ ನೀರನ್ನೇ ನಂಬಿದ ಮೇಲಿನ ಗದ್ದೆ ಬೆಟ್ಟು, ಗುಡ್ಡದ ಮೇಲಿನ ಮುರಕಲ್ಲಿನ ಬಯಲು ಪದವು. "ಅಜ್ಜನ ಮನೆಗೆ ಮಜಲು ಅಂತ ಹೇಳ್ತಿದ್ರು" ಎಂಬ ಒಂದು ಮಾತು ಸಿಕ್ಕಿದರೆ ಊರಿನ ಹಳೇ ರಿಕ್ಷಾದವರು ಅರ್ಧ ದಾರಿ ತೋರಿಸಿಯಾಯ್ತು.

ಈ ಮನೆ ಹೆಸರು ಯಾವ ಆಧಾರ್ ಕಾರ್ಡಿನಲ್ಲೂ ಇಲ್ಲ, ಗೂಗಲ್ ಮ್ಯಾಪಿನಲ್ಲೂ ಇಲ್ಲ. ಎಂಬತ್ತು ದಾಟಿದ ಅಜ್ಜಿಯ ಬಾಯಲ್ಲಿ ಉಂಟು. ಟಿಕೆಟ್ ಬುಕ್ ಮಾಡುವ ಮೊದಲು ಅವರಿಗೆ ಫೋನ್ ಮಾಡಬೇಕು ಅನ್ನುವುದು ಅದಕ್ಕೇ. ಪುಸ್ತಕ, ಕಲ್ಲು, ಕಡತ ಇನ್ನೂ ಹತ್ತು ವರ್ಷ ಅಲ್ಲೇ ಇರಬಹುದು. ಅಜ್ಜಿಯ ನೆನಪಿಗೆ ಅಷ್ಟು ಸಮಯ ಇಲ್ಲ.

ಊರಲ್ಲಿ ಕೇಳುವುದಾದರೆ ವಾಡೊ ಹಿಡಿದು ಕೇಳಿ. ಪ್ರತಿ ಇಗರ್ಜಿಯ ವ್ಯಾಪ್ತಿಯನ್ನು ವಾಡೊಗಳಾಗಿ ಹಂಚಿರುತ್ತಾರೆ, ಒಂದೊಂದಕ್ಕೆ ಒಬ್ಬರು ಗುರಿಕಾರರು. ಯಾರ ಮನೆ ಯಾವಾಗ ಮಾರಾಟ ಆಯ್ತು, ಯಾರು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋದರು ಅನ್ನುವುದು ಹಳೇ ಗುರಿಕಾರರಿಗೆ ಗೊತ್ತಿರುತ್ತದೆ.

ಇಗರ್ಜಿಯ ಪುಸ್ತಕದಲ್ಲಿ ಏನು ಸಿಗುತ್ತದೆ?

ಜ್ಞಾನಸ್ನಾನ, ಮದುವೆ, ಮರಣ ಹೀಗೆ ಮೂರು ಪುಸ್ತಕಗಳನ್ನು ಇಗರ್ಜಿಗಳು ಬೇರೆ ಬೇರೆ ಇಡುತ್ತವೆ. ಜ್ಞಾನಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರು, ತಾರೀಕು, ಅಪ್ಪ ಅಮ್ಮನ ಹೆಸರು, ದೇವಮಾತಾಪಿತರ ಹೆಸರು ಇರುತ್ತದೆ. ದೇವಮಾತಾಪಿತರು ಹೆಚ್ಚಾಗಿ ಹತ್ತಿರದ ನೆಂಟರೇ. ಹಾಗಾಗಿ ಅಜ್ಜಿಯ ತವರು ಯಾವುದು ಎಂಬ ಸುಳಿವು ಅಲ್ಲಿಂದಲೇ ಸಿಗುವುದುಂಟು. 1908ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಒಬ್ಬರು ಬೇರೆಲ್ಲೋ ಮದುವೆಯಾದರೂ ಆ ವಿವರವನ್ನು ಜ್ಞಾನಸ್ನಾನದ ಪುಸ್ತಕದಲ್ಲಿ ಅವರ ಹೆಸರಿನ ಬದಿಗೆ ಬರೆಯಬೇಕು. ಬದಿಯ ಆ ಸಣ್ಣ ಅಕ್ಷರಗಳನ್ನು ಓದದೆ ಬಿಡಬೇಡಿ.

ಮೊದಲೇ ತಿಳಿದಿರಬೇಕಾದ ಮೂರು ಸಂಗತಿ ಉಂಟು.

ಒಂದು, ಹೆಸರು ಬೇರೆ ರೂಪದಲ್ಲಿ ಇರುತ್ತದೆ. ಹಳೆಯ ದಾಖಲೆಗಳು ಲ್ಯಾಟಿನ್ ಅಥವಾ ಪೋರ್ಚುಗೀಸ್ ಭಾಷೆಯಲ್ಲಿವೆ. ಮನೆಯಲ್ಲಿ ಪೆದ್ರು ಆದವರು ಅಲ್ಲಿ ಪೆತ್ರುಸ್, ಜುವಾಂವ್ ಆದವರು ಜೊವಾನ್ನೆಸ್, ಬಸ್ತ್ಯಾಂವ್ ಆದವರು ಸೆಬಾಸ್ಟಿಯಾನುಸ್, ಇನಾಸ್ ಆದವರು ಇಗ್ನೇಷಿಯಸ್. ಮನೆಯ ಹೆಸರನ್ನೇ ಹುಡುಕಿದರೆ ಸಿಗದು.

ಎರಡು, ಈಗಿನ ಇಗರ್ಜಿಯೇ ಆಗಿನ ಇಗರ್ಜಿ ಅಲ್ಲ. ಜನ ಹೆಚ್ಚಾದ ಹಾಗೆ ದೊಡ್ಡ ಇಗರ್ಜಿಗಳಿಂದ ಹೊಸವು ಬೇರೆಯಾದವು. ನಿಮ್ಮ ಊರಿನ ಇಗರ್ಜಿ ನೂರು ವರ್ಷದ್ದಾದರೆ, 130 ವರ್ಷದ ಹಿಂದೆ ಹುಟ್ಟಿದ ಮುತ್ತಜ್ಜನ ಹೆಸರು ಅದರ ತಾಯಿ ಇಗರ್ಜಿಯಲ್ಲಿ ಇರುತ್ತದೆ. ಮಂಗಳೂರು ಧರ್ಮಪ್ರಾಂತ್ಯ ಆದದ್ದು 1886ರಲ್ಲಿ. ಅದಕ್ಕೂ ಮೊದಲು ಇಲ್ಲಿಯ ಕೆಲವು ಇಗರ್ಜಿಗಳು ಗೋವಾದ ಆರ್ಚ್‌ಬಿಷಪರ ಕೆಳಗೆ, ಕೆಲವು ಬೇರೆ ಆಡಳಿತದ ಕೆಳಗೆ ಇದ್ದವು. ಅಕ್ಕಪಕ್ಕದ ಮನೆಯವರು ಬೇರೆ ಬೇರೆ ಇಗರ್ಜಿಗೆ ಸೇರಿದ್ದರೆ ಆಶ್ಚರ್ಯ ಬೇಡ. 2012ರಲ್ಲಿ ಉಡುಪಿ ಪ್ರತ್ಯೇಕ ಧರ್ಮಪ್ರಾಂತ್ಯ ಆಗಿದೆ, ಅದೂ ನೆನಪಿರಲಿ.

ಮೂರು, ಒಂದು ಹಂತದಲ್ಲಿ ದಾರಿ ಮುಚ್ಚುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕೊಂಡೊಯ್ದರು, ಇಗರ್ಜಿಗಳನ್ನು ಕೆಡವಿದರು. ಬದುಕಿ ಉಳಿದವರು ಮರಳಿ ಬಂದದ್ದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ. ಆ ಹದಿನೈದು ವರ್ಷಗಳಲ್ಲಿ ದಾರಿಯಲ್ಲಿ, ಸೆರೆಯಲ್ಲಿ ಸತ್ತವರಿಗೆ ಗುರುತಿನ ಸಮಾಧಿ ಇಲ್ಲ. ಅದಕ್ಕೂ ಹಿಂದಿನ ಇಗರ್ಜಿ ಪುಸ್ತಕಗಳೂ ಬಹುಪಾಲು ಹೋದವು. ಹಾಗಾಗಿ ಇಲ್ಲಿ ಕುಟುಂಬದ ಲೆಕ್ಕ ಸಾಮಾನ್ಯವಾಗಿ 1800ರ ಈಚೆಗೆ ನಿಲ್ಲುತ್ತದೆ. ನಿಮ್ಮ ಹುಡುಕಾಟ ಅಲ್ಲಿಗೆ ನಿಂತರೆ ಅದು ನಿಮ್ಮ ಸೋಲಲ್ಲ.

ಪುಸ್ತಕ ನೋಡುವ ವಿಷಯದಲ್ಲಿ ಒಂದು ಮಾತು. ಅದರಲ್ಲಿ ಬೇರೆಯವರ ಮನೆಯ ವಿಷಯವೂ ಇರುತ್ತದೆ. ನೇರ ಹೋಗಿ "ಪುಸ್ತಕ ಕೊಡಿ, ಫೋಟೊ ತೆಗೀತೇವೆ" ಅಂದರೆ ಆಗುವುದಿಲ್ಲ. ಹೆಸರು, ಅಂದಾಜು ವರ್ಷ, ಮನೆ ಹೆಸರು ಬರೆದು ಧರ್ಮಗುರುಗಳಿಗೆ ಒಂದು ತಿಂಗಳು ಮೊದಲೇ ಪತ್ರ ಹಾಕಿ. ಕ್ರಿಸ್ಮಸ್ ವಾರ, ಸಾಂತ್‌ಮಾರಿ ಹಬ್ಬದ ದಿನ, ಭಾನುವಾರ ಬೆಳಿಗ್ಗೆ ಹೋಗಿ ಕೇಳಿದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಬಾಸೆಲ್ ಮಿಷನ್ ಕುಟುಂಬದವರಿಗೆ

ಪ್ರೊಟೆಸ್ಟೆಂಟ್ ಕುಟುಂಬಗಳ ದಾರಿ ಸ್ವಲ್ಪ ಬೇರೆ. ಬಾಸೆಲ್ ಮಿಷನಿನ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಇಲ್ಲಿ ಶಾಲೆ, ಮುದ್ರಣಾಲಯ, ನೇಯ್ಗೆ, 1865ರಿಂದ ಹಂಚಿನ ಕಾರ್ಖಾನೆ ನಡೆಸಿದರು. ಮೊದಲ ಮಹಾಯುದ್ಧದ ಸಮಯದಲ್ಲಿ ಜರ್ಮನ್ ಪಾದ್ರಿಗಳು ಇಲ್ಲಿಂದ ಹೋಗಬೇಕಾಯಿತು. ಆದರೆ ಅವರು ಕಳಿಸಿದ ವರದಿ, ಪತ್ರ, ಫೋಟೊಗಳು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದ ಸಂಗ್ರಹದಲ್ಲಿ ಉಳಿದಿವೆ. ಹಳೇ ಫೋಟೊಗಳನ್ನು ಇಂಟರ್ನೆಟ್‌ನಲ್ಲೇ ನೋಡಬಹುದು. ಮುತ್ತಜ್ಜ ಕೆಲಸ ಮಾಡಿದ ಕಾರ್ಖಾನೆ, ಓದಿದ ಶಾಲೆ ಹೇಗಿತ್ತು ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ಇಲ್ಲ.

ಮನೆ ಸಿಕ್ಕಿತು, ಆದರೆ ಒಳಗೆ ಬೇರೆಯವರು ಇದ್ದಾರೆ

ಇದು ತುಂಬ ನಾಜೂಕಿನ ವಿಷಯ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಫಾರಂ 7ರಲ್ಲಿ ಡಿಕ್ಲರೇಶನ್ ಕೊಟ್ಟ ಗೇಣಿದಾರರಿಗೆ ಸಿಕ್ಕಿತು. ಚಾಲಗೇಣಿ ಒಕ್ಕಲು ಹೆಚ್ಚಿದ್ದ ನಮ್ಮ ಜಿಲ್ಲೆಯಲ್ಲಿ ಇದರಿಂದ ಸಾವಿರಾರು ಮನೆಗಳ ಬದುಕು ಬದಲಾಯಿತು. ಕೆಲವು ಕ್ರೈಸ್ತ ಕುಟುಂಬಗಳಿಗೆ ಜಮೀನು ಹೋಯಿತು, ಒಕ್ಕಲಾಗಿದ್ದ ಎಷ್ಟೋ ಕ್ರೈಸ್ತ ಕುಟುಂಬಗಳಿಗೆ ಜಮೀನು ಬಂತು. ಮತ್ತೆ ಕೆಲವರು ತಾವಾಗಿಯೇ ಮಾರಿ ಮುಂಬೈಗೆ ಹೋದರು.

ಹಾಗಾಗಿ ಗುರುತಿಲ್ಲದ ನಾಲ್ಕು ಜನ ಅಂಗಳಕ್ಕೆ ಬಂದು, ಬಾವಿಕಟ್ಟೆ, ತೆಂಗಿನ ತೋಟ, ಸರ್ವೆ ಕಲ್ಲಿನ ಫೋಟೊ ತೆಗೆದು, "ಇದು ನಮ್ಮ ಅಜ್ಜನ ಜಾಗ" ಅಂದರೆ ಮನೆಯವರ ಎದೆ ಧಸಕ್ ಅನ್ನುವುದು ಸಹಜ. ಈಗ ಇರುವವರು ಕಾನೂನು ಪ್ರಕಾರ ಪಡೆದು, ಐವತ್ತು ವರ್ಷ ದುಡಿದು ಉಳಿಸಿಕೊಂಡ ಜಾಗ ಅದು. ಊರಿನ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಗೇಟಿನ ಹೊರಗೇ ನಿಂತು, "ಜಾಗದ ವಿಷಯಕ್ಕೆ ಬಂದದ್ದಲ್ಲ, ಅಜ್ಜ ಹುಟ್ಟಿದ ಮನೆ ಮಕ್ಕಳಿಗೆ ತೋರಿಸ್ಲಿಕ್ಕೆ ಬಂದದ್ದು" ಅಂತ ಹೇಳಿ. ಪಹಣಿ, ಅಡಂಗಲ್ ಮಾತು ಅಲ್ಲಿ ಎತ್ತಬೇಡಿ. ಹೀಗೆ ಹೋದವರಿಗೆ ನಮ್ಮೂರಲ್ಲಿ ಒಂದು ಲೋಟ ನೀರು ಬೆಲ್ಲವಾದರೂ ಸಿಗದೆ ಇರದು.

ಸಮಾಧಿ ಯಾಕೆ ಸಿಗುವುದಿಲ್ಲ?

ಹೆಚ್ಚಿನವರಿಗೆ ನೋವಾಗುವುದು ಇಲ್ಲಿ. ಅಜ್ಜನ ಸಮಾಧಿ ಹುಡುಕಿದರೆ ಆ ಜಾಗದಲ್ಲಿ ಬೇರೆಯವರ ಹೆಸರು. ಇದು ಯಾರೋ ಮಾಡಿದ ಮೋಸ ಅಲ್ಲ. ಇಗರ್ಜಿಯ ಸಮಾಧಿ ಜಾಗ ಸಣ್ಣದು, ಜನ ಹೆಚ್ಚು. ಹಣ ಕಟ್ಟಿ ಕಾಯಂ ಮಾಡಿಸಿಕೊಂಡ ಸಮಾಧಿ ಬಿಟ್ಟರೆ, ಸಾಮಾನ್ಯ ಗುಂಡಿಗಳನ್ನು ಕೆಲವು ವರ್ಷಗಳ ನಂತರ ತೆರೆದು, ಉಳಿದ ಎಲುಬುಗಳನ್ನು ಗೌರವದಿಂದ ಬೇರೆ ಕಡೆ ಸೇರಿಸಿ, ಅದೇ ಜಾಗದಲ್ಲಿ ಇನ್ನೊಬ್ಬರನ್ನು ಮಣ್ಣು ಮಾಡುವುದು ಹಿಂದಿನಿಂದ ನಡೆದುಬಂದ ಕ್ರಮ. ಬಡವರ ಸಮಾಧಿಗೆ ಮರದ ಶಿಲುಬೆ ಮಾತ್ರ ಇತ್ತು. ಅದು ನಾಲ್ಕು ಮಳೆಗಾಲಕ್ಕೆ ಮಣ್ಣು ಸೇರುತ್ತದೆ. ಮುರಕಲ್ಲಿನ ಮೇಲೆ ಕೆತ್ತಿದ ಅಕ್ಷರವೂ ನಮ್ಮ ಮಳೆಗೆ ಬಹಳ ಕಾಲ ನಿಲ್ಲುವುದಿಲ್ಲ.

ಉಳಿದದ್ದು ಹೆಚ್ಚಾಗಿ ದೊಡ್ಡವರ ಕಲ್ಲು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು 1680ರಲ್ಲಿ ಸ್ಥಾಪಿಸಿದವರು ಬಿಷಪ್ ತೋಮಸ್ ದೆ ಕಾಸ್ತ್ರೊ. 1684ರಲ್ಲಿ ತೀರಿಕೊಂಡ ಅವರನ್ನು ಅಲ್ಲೇ ಮಣ್ಣು ಮಾಡಿದರು, ಇವತ್ತಿಗೂ ಅವರ ಹೆಸರು ಎಲ್ಲರಿಗೂ ಗೊತ್ತುಂಟು. ಅದೇ ಕಾಲದಲ್ಲಿ ಗದ್ದೆ ಉತ್ತವರ ಸಮಾಧಿಯ ಗುರುತು ಇಲ್ಲ.

ಹಾಗಾದರೆ ಏನು ಮಾಡುವುದು? ಮರಣದ ಪುಸ್ತಕದಲ್ಲಿ ಹೆಸರು ಮತ್ತು ತಾರೀಕು ಸಿಕ್ಕಿದರೆ, ಅಜ್ಜ ಆ ಮಣ್ಣಿನಲ್ಲಿ ಇದ್ದಾರೆ ಅನ್ನುವುದು ಖಾತ್ರಿ. ಯಾವ ಗುಂಡಿ ಅನ್ನುವುದು ತಿಳಿಯದಿದ್ದರೂ ನಿಂತು ಮೇಣದಬತ್ತಿ ಹಚ್ಚಬಹುದು. ನವೆಂಬರ್ 2ರಂದು ಸತ್ತವರ ದಿನ ಊರಿನವರೆಲ್ಲ ಸಮಾಧಿ ಜಾಗಕ್ಕೆ ಬರುತ್ತಾರೆ. ಹಿರಿಯರು ಒಟ್ಟಿಗೆ ಸಿಗುವ ದಿನ ಅದು. ಸಾಧ್ಯವಾದರೆ ಡಿಸೆಂಬರ್ ಬದಲು ಆಗಲೇ ಬನ್ನಿ. ಕಾಯಂ ಅಲ್ಲದ ಸಮಾಧಿ ನಿಮ್ಮ ಕುಟುಂಬದ್ದು ಇನ್ನೂ ಉಳಿದಿದ್ದರೆ, ಅವಧಿ ಎಷ್ಟು, ನಿಯಮ ಏನು ಎಂದು ಇಗರ್ಜಿಯ ಆಫೀಸಿನಲ್ಲಿ ಈಗಲೇ ಕೇಳಿ, ಕಲ್ಲಿನ ಫೋಟೊ ತೆಗೆದಿಡಿ.

ಅಂಗಡಿಯವರಿಗೆ, ಊರಿನವರಿಗೆ ಒಂದು ಮಾತು

ಕಾರು ನಿಲ್ಲಿಸಿ ಕೇಳಿದವರಿಗೆ "ಗೊತ್ತಿಲ್ಲ" ಅನ್ನುವ ಮೊದಲು ಐದು ಪ್ರಶ್ನೆ ತಿರುಗಿ ಕೇಳಿ. ಮನೆ ಹೆಸರು ಏನು? ಅಜ್ಜನನ್ನು ಊರಲ್ಲಿ ಏನಂತ ಕರೀತಿದ್ರು? ಅಜ್ಜಿಯ ತವರು ಎಲ್ಲಿ? ಯಾವ ಇಗರ್ಜಿ, ಯಾವ ವಾಡೊ? ಊರು ಬಿಟ್ಟದ್ದು ಸುಮಾರು ಯಾವಾಗ? ಇದರಲ್ಲಿ ಎರಡಕ್ಕೆ ಉತ್ತರ ಇದ್ದರೆ ಗುರಿಕಾರರ ಮನೆ ತೋರಿಸಿ. ಒಂದಕ್ಕೂ ಉತ್ತರ ಇಲ್ಲದಿದ್ದರೆ, ಅಲ್ಲೇ ನಿಂತು ಮನೆಯ ಹಿರಿಯರಿಗೆ ಫೋನ್ ಮಾಡಲು ಹೇಳಿ.

ಊರಲ್ಲೇ ಇರುವ ನಮಗೂ ಇದು ಅನ್ವಯಿಸುತ್ತದೆ. ಜಾತಿ ಧರ್ಮ ಯಾವುದೇ ಇರಲಿ, ನಮ್ಮ ಮಕ್ಕಳೂ ಈಗ ಬೆಂಗಳೂರು, ದುಬೈಯಲ್ಲಿ ಇದ್ದಾರೆ. ನಾಳೆ ಅವರ ಮಕ್ಕಳು ಇದೇ ಪೇಟೆಗೆ ಬಂದು ಇದೇ ಪ್ರಶ್ನೆ ಕೇಳುತ್ತಾರೆ. ಈ ವಾರ ಮನೆಯ ಹಿರಿಯರ ಹತ್ತಿರ ಅರ್ಧ ಗಂಟೆ ಕೂತು ಆ ಐದು ಉತ್ತರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿದರೆ ಇನ್ನೂ ಒಳ್ಳೆಯದು.