ಹಾಯಿಗೂ ಬೂಷ್ಟು ಹಿಡಿಯುತ್ತದೆ

ಹಾಕಿ, ಕೋವಿ, ಕಾಫಿ. ಕೊಡಗು ಎಂದೊಡನೆ ಬಾಯಿಗೆ ಬರುವುದು ಇವು. ಹಾಯಿದೋಣಿ ಈ ಸಾಲಿಗೆ ಎಂದೂ ಸೇರಿದ್ದಲ್ಲ. ಘಟ್ಟದ ಮೇಲಿನ ನಾಡಿಗೂ ಕಡಲಿಗೂ ಎತ್ತಣ ನಂಟು ಎಂದು ಯಾರಾದರೂ ಕೇಳಿಯಾರು. ಆದರೆ 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ‘ಫೋರ್ಟಿನೈನರ್’ ಎಂಬ ಚುರುಕು ದೋಣಿಯ ಸ್ಪರ್ಧೆಯಲ್ಲಿ ಭಾರತಕ್ಕೆ ಕಂಚು ತಂದ ಜೋಡಿಯಲ್ಲಿ ಒಬ್ಬರು ಕೊಡವ ಮೂಲದ ಕೆ.ಸಿ. ಗಣಪತಿ. ಜೊತೆಗಾರ ವರುಣ್ ಠಕ್ಕರ್. ಇಬ್ಬರೂ ಗಾಳಿಯ ಪಾಠ ಕಲಿತದ್ದು ಚೆನ್ನೈಯ ಕಡಲಿನಲ್ಲಿ. 2021ರ ಏಪ್ರಿಲ್‌ನಲ್ಲಿ ಒಮಾನ್‌ನ ಮುಸನ್ನಾದಲ್ಲಿ ಅರ್ಹತೆ ಗಿಟ್ಟಿಸಿಕೊಂಡು ಟೋಕಿಯೊ ಒಲಿಂಪಿಕ್ಸ್‌ಗೂ ಹೋದರು. ಅಲ್ಲಿ ಸಿಕ್ಕಿದ್ದು 17ನೇ ಸ್ಥಾನ.

ಅವರ ದೋಣಿ ನೋಡಲು ಪುಟ್ಟದು. ಉದ್ದ 4.99 ಮೀಟರ್, ಹೆಸರು ಬಂದದ್ದೂ ಅಲ್ಲಿಂದಲೇ. ಆಸ್ಟ್ರೇಲಿಯಾದ ಜೂಲಿಯನ್ ಬೆತ್‌ವೇಟ್ ರೂಪಿಸಿದ ಈ ದೋಣಿ 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಸ್ಪರ್ಧೆಯಲ್ಲಿದೆ. ಇಬ್ಬರೂ ಸೊಂಟಕ್ಕೆ ತಂತಿ ಕಟ್ಟಿಕೊಂಡು ದೋಣಿಯ ಅಂಚಿನಿಂದಾಚೆ ನೀರಿನ ಮೇಲೆ ಮೈಚಾಚಿ ನಿಲ್ಲುತ್ತಾರೆ. ಮುಖ್ಯ ಹಾಯಿ ಮತ್ತು ಮುಂದಿನ ಜಿಬ್ ಎರಡೂ ಸೇರಿದರೆ ಸುಮಾರು 21 ಚದರ ಮೀಟರ್. ಮೂರನೆಯದು ಜೆನೇಕರ್, ಅದೊಂದೇ 38 ಚದರ ಮೀಟರ್. ಗೆಲುವಿನ ಫೋಟೊದಲ್ಲಿ ಎದೆಯುಬ್ಬಿಸಿ ಕಾಣುವುದು ಇದೇ ಹಾಯಿ. ಫೋಟೊ ಮುಗಿದ ಮೇಲೆ ಅತಿ ಹೆಚ್ಚು ಕೆಲಸ ಕೊಡುವುದೂ ಇದೇ.

ಗಾಳಿ ಹಿಂದಿನಿಂದ ಬರುವಾಗ ಮಾತ್ರ ಜೆನೇಕರ್ ಮೇಲೇರುತ್ತದೆ. ತೇಲುಬುರುಡೆ ಸುತ್ತಿ ಗಾಳಿಗೆದುರು ತಿರುಗುವ ಮುಂಚೆ ಒಂದು ಹಗ್ಗ ಎಳೆದರೆ ಸಾಕು, ಅಷ್ಟಗಲದ ಬಟ್ಟೆಯನ್ನು ದೋಣಿಯ ಮೂತಿಯಲ್ಲಿರುವ ಬಾಯಿ ನುಂಗಿ ಉದ್ದನೆಯ ಚೀಲದೊಳಗೆ ತುಂಬಿಕೊಳ್ಳುತ್ತದೆ. ಒಂದು ಓಟದಲ್ಲಿ ಹೀಗೆ ಮತ್ತೆ ಮತ್ತೆ ಏರುತ್ತದೆ, ಇಳಿಯುತ್ತದೆ. ಪ್ರತಿ ಸಲವೂ ನೀರು ಕುಡಿದೇ ಒಳಗೆ ಹೋಗುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ನೀರು ಆರಿದರೂ ಉಪ್ಪು ಬಟ್ಟೆಯಲ್ಲೇ ಕೂರುತ್ತದೆ. ಕೂತು ಎರಡು ಬಗೆಯ ಕಿತಾಪತಿ ಮಾಡುತ್ತದೆ: ಹರಳಾಗಿ ನೂಲನ್ನು ಉಜ್ಜುತ್ತದೆ, ಗಾಳಿಯ ತೇವವನ್ನು ಎಳೆದುಕೊಂಡು ಬಟ್ಟೆಯನ್ನು ಸದಾ ಹಸಿಯಾಗಿಡುತ್ತದೆ. ಹಸಿ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಟ್ಟರೆ ಏನಾಗುತ್ತದೆಂದು ಕೊಡಗಿನವರಿಗೆ ಹೇಳಿಕೊಡಬೇಕಿಲ್ಲ.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಬೆಲ್ಟಿಗೆ, ಬೂಟಿಗೆ, ಪುಸ್ತಕದ ಬೆನ್ನಿಗೆ, ಕ್ಯಾಮೆರಾದ ಮಸೂರಕ್ಕೆ ಬೂಷ್ಟು ಬರುತ್ತದೆ. ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಮಗುವಿನ ಬಟ್ಟೆ ಒಣಗಿಸಿದ ತಲೆಮಾರು ಮಲೆನಾಡಿನಲ್ಲಿ ಇನ್ನೂ ಇದೆ. ಕಾಫಿಗೂ ಅದೇ ಕಥೆ. ಕಣದಲ್ಲಿ ಹರವಿ, ಕೈಯಾಡಿಸಿ, ಸಂಜೆಗೆ ಇಬ್ಬನಿ ತಾಗದಂತೆ ಟಾರ್ಪಾಲು ಹೊದಿಸಿ ಶೇ 10–11ರ ತೇವಕ್ಕೆ ಇಳಿಸದಿದ್ದರೆ ಬೀಜಕ್ಕೆ ಬೂಷ್ಟು, ಬೆಲೆಗೆ ಹೊಡೆತ. ಹಾಯಿಯ ಆರೈಕೆಯಲ್ಲಿ ಮುಕ್ಕಾಲು ಪಾಲು ಈ ಒಂದೇ ಎಚ್ಚರ. ಒಣಗಿಸದೆ ಮಡಿಸಬೇಡ, ಅಷ್ಟೆ.

ಉಳಿದ ಕಾಲು ಪಾಲಿನಲ್ಲಿ ಕುಶಲತೆ ಇದೆ.

ದಡಕ್ಕೆ ಬಂದ ಕೂಡಲೇ ಸಿಹಿನೀರು. ಸೋಪಿಲ್ಲ, ಬ್ರಶ್ಶಿಲ್ಲ, ಪೈಪು ಹಿಡಿದು ಉಪ್ಪು ಬಿಡುವವರೆಗೆ ನೀರು ಹಾಯಿಸುವುದು. ಮೂಲೆಗಳಲ್ಲಿ ಬಟ್ಟೆಯನ್ನು ಪದರದ ಮೇಲೆ ಪದರ ಇಟ್ಟು ಹೊಲಿದಿರುತ್ತಾರೆ. ಉಪ್ಪು ಅಡಗುವುದು ಅಲ್ಲಿ. ಹಗ್ಗ ಪೋಣಿಸುವ ಲೋಹದ ಬಳೆಗಳ ಸುತ್ತ ತುಕ್ಕಿನ ಉಂಗುರ ಏಳುವುದೂ ಅಲ್ಲೇ. ಹಾಯಿ ಹಳೆಯದಾಗಿ ಕೊಳೆ ಕೂತಿದ್ದರೆ ಶುಭ್ರವಾದ ಹುಲ್ಲಿನ ಮೇಲೋ ನುಣುಪು ನೆಲದ ಮೇಲೋ ಹಾಸಿ, ಉಗುರುಬೆಚ್ಚನೆಯ ನೀರಿಗೆ ಮೃದುವಾದ ದ್ರವಸೋಪು ಬೆರೆಸಿ, ಸ್ಪಂಜಿನಿಂದ ಒರೆಸುತ್ತ ಹೋಗಬೇಕು. ಒಂದು ಮಗ್ಗುಲು ಮುಗಿದ ಮೇಲೆ ಇನ್ನೊಂದು. ನೊರೆ ಪೂರ್ತಿ ಹೋಗುವವರೆಗೆ ಜಾಲಿಸಬೇಕು, ಉಳಿದ ಸೋಪೂ ಕೊಳೆಯನ್ನು ಕರೆಯುತ್ತದೆ. ಬಂಡೆಗೆ ಬಡಿಯುವಂತಿಲ್ಲ, ಹಿಂಡುವಂತಿಲ್ಲ, ವಾಷಿಂಗ್ ಮೆಷಿನ್ನಂತೂ ಕೂಡದು.

ಕೂಡದು ಏಕೆಂದರೆ ಹೊಸ ಹಾಯಿಗೆ ಗಂಜಿ ಹಾಕಿದ ಪಂಚೆಯ ಬಿಗಿ ಇರುತ್ತದೆ. ಮುಟ್ಟಿದರೆ ಸರಸರ ಸದ್ದು ಮಾಡುತ್ತದೆ. ಅದು ನೇಯ್ದ ಪಾಲಿಯೆಸ್ಟರ್‌ಗೆ ಕಾರ್ಖಾನೆಯಲ್ಲಿ ಕುಡಿಸಿದ ರಾಳದ ಬಿಗಿ. ಎಳೆಗಳು ಅತ್ತಿತ್ತ ಜರುಗದಂತೆ ಹಿಡಿದಿಡುವುದೂ ಹಾಯಿಗೆ ಅದರ ಉಬ್ಬನ್ನು ಉಳಿಸಿಕೊಡುವುದೂ ಈ ರಾಳವೇ. ತಿಕ್ಕಿದರೆ, ಕುದಿನೀರು ಹಾಕಿದರೆ, ಗಾಳಿಯಲ್ಲಿ ಪಟಪಟ ಬಡಿಯಲು ಬಿಟ್ಟರೆ ಅದು ಒಡೆದು ಉದುರುತ್ತದೆ. ಪಂಚೆಗಾದರೆ ಮತ್ತೆ ಗಂಜಿ ಹಾಕಬಹುದು, ಹಾಯಿಗೆ ಮನೆಯಲ್ಲಿ ಆ ಭಾಗ್ಯವಿಲ್ಲ. ಒಣಗಿಸಲು ಕಂಬಕ್ಕೇರಿಸಿ ಬಾವುಟದಂತೆ ಹಾರಲು ಬಿಡುವುದು ನೋಡಲು ಚೆಂದ. ಹಾಯಿಯ ಆಯಸ್ಸನ್ನು ಅದಕ್ಕಿಂತ ಬೇಗ ತಿನ್ನುವ ಚಾಳಿ ಇನ್ನೊಂದಿಲ್ಲ.

ಹಳೆಯ ಹಾಯಿಯನ್ನು ತೊಳೆಯುವ ಮೊದಲು ಬಲ್ಲವರು ಮಾಡುವ ಒಂದು ಪರೀಕ್ಷೆ ಇದೆ. ಅಂಕುಡೊಂಕಾಗಿ ಸಾಗುವ ಹೊಲಿಗೆಯ ದಾರವನ್ನು ಉಗುರಿನಿಂದ ಮೆಲ್ಲಗೆ ಕೆರೆಯುತ್ತಾರೆ. ಹತ್ತಿ ಬಟ್ಟೆಯಲ್ಲಿ ದಾರ ಒಳಗೆ ಇಳಿದು ಕೂರುತ್ತದೆ. ಬಿಗಿಯಾದ ಪಾಲಿಯೆಸ್ಟರ್‌ನಲ್ಲಿ ಅದು ಮೇಲೆಯೇ ಉಬ್ಬಿ ನಿಂತು ಬಿಸಿಲನ್ನೂ ಉಜ್ಜುವಿಕೆಯನ್ನೂ ಮೊದಲು ತಿನ್ನುತ್ತದೆ. ಉಗುರಿಗೆ ದಾರ ಪುಡಿಯಾಗಿ ಎದ್ದರೆ ಬಟ್ಟೆ ಚೆನ್ನಾಗಿದ್ದರೂ ಹೊಲಿಗೆಯ ಕಥೆ ಮುಗಿದಿದೆ ಎಂದರ್ಥ. ಮೊದಲು ಹೊಲಿಗೆ, ಆಮೇಲೆ ಸ್ನಾನ.

ಇನ್ನು ಬೂಷ್ಟಿನ ಕಪ್ಪು ಚುಕ್ಕೆ. ಐಎಲ್‌ಸಿಎ, ಆಪ್ಟಿಮಿಸ್ಟ್‌ನಂಥ ದೋಣಿಗಳ ನೇಯ್ದ ಪಾಲಿಯೆಸ್ಟರ್ ಹಾಯಿಗೆ ತುಂಬ ತೆಳು ಮಾಡಿದ ಬ್ಲೀಚ್ ಹಚ್ಚಿ ಬೇಗ ತೊಳೆದುಬಿಟ್ಟರೆ ನಡೆದೀತು. ಅದೇ ಬ್ಲೀಚನ್ನು ಜೆನೇಕರ್‌ಗೆ ತಾಗಿಸಿದರೆ ಹಳದಿಗಟ್ಟಿ, ನೂಲು ಸತ್ತು, ಮುಂದಿನ ಗಾಳಿಗೆ ಹರಿಯುತ್ತದೆ. ಜೆನೇಕರ್ ನೈಲಾನ್. ನೈಲಾನಿನ ಅಣುಗಳನ್ನು ಸರಪಳಿಯಾಗಿ ಹಿಡಿದಿರುವುದು ಅಮೈಡ್ ಬಂಧ. ರೇಷ್ಮೆಯಲ್ಲಿರುವುದೂ ಅದೇ ಬಂಧ. ಬ್ಲೀಚ್ ಕಡಿಯುವುದು ಅದನ್ನೇ. ಮದುವೆಯಲ್ಲಿ ಗಂಡಸರು ಕುಪ್ಪ್ಯ ಎಂಬ ನಿಲುವಂಗಿಯ ಮೇಲೆ ಸೊಂಟಕ್ಕೆ ಸುತ್ತುವ ಕೆಂಪು ರೇಷ್ಮೆಯ ಚೇಲೆಗೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುವ ಕೊಡವತಿ ಎಲ್ಲಾದರೂ ಇದ್ದಾಳೆಯೇ? ರಸಾಯನಶಾಸ್ತ್ರ ಓದದೆಯೂ ಗೊತ್ತಿರುವ ಸಂಗತಿ ಅದು. ರೇಷ್ಮೆಗೆ ನಮ್ಮ ಕಡೆ ಅಂಟುವಾಳದ ನೊರೆ, ನೆರಳಿನ ಗಾಳಿ. ಅಂಟುವಾಳದಲ್ಲಿರುವ ಸಪೋನಿನ್ ಕಾಸ್ಟಿಕ್ ಸೋಡಾದ ಖಾರವಿಲ್ಲದೆ ಕೊಳೆ ಬಿಡಿಸುತ್ತದೆ. ದುಬಾರಿ ವಿದೇಶಿ ಡಬ್ಬಿಗಳ ಮೇಲೆ ‘ಸೌಮ್ಯ ಮಾರ್ಜಕ’ ಎಂದು ಬರೆದಿರುವುದನ್ನು ಓದುವಾಗ ಈ ಕಾಯಿಯ ನೆನಪಾಗದೆ ಇರದು.

ತುಕ್ಕಿನ ಕಲೆಗೆ ಹಾಯಿಗಾರರು ಬಳಸುವುದು ಆಕ್ಸಾಲಿಕ್ ಆಮ್ಲ. ಅದಕ್ಕೂ ಕರಾವಳಿಯ ಹಿತ್ತಿಲಿನಲ್ಲಿ ನಂಟರಿದ್ದಾರೆ: ಬಿಂಬುಳಿಯ ಹುಳಿಯಲ್ಲಿ ಇರುವುದು ಇದೇ ಆಮ್ಲ, ಬಟ್ಟೆಯ ತುಕ್ಕಿಗೆ ಅದರ ರಸ ಉಜ್ಜುವುದು ಹಳೆಯ ರೂಢಿ.

ಫೋರ್ಟಿನೈನರ್‌ನ ಉಳಿದೆರಡು ಹಾಯಿಗಳದು ಇನ್ನೊಂದು ನೀತಿ. ಅವು ತೆಳು ಹಾಳೆಗಳ ನಡುವೆ ನೂಲು ಇಟ್ಟು ಅಂಟಿಸಿದವು. ಮೇಲಷ್ಟೇ ಒರೆಸಬಹುದು. ಪದರಗಳ ನಡುವೆ ಬೂಷ್ಟು ಹೊಕ್ಕರೆ ಅದನ್ನು ಹೊರತರುವ ಉಪಾಯವಿಲ್ಲ, ಹಾಯಿ ಇರುವವರೆಗೂ ಕಲೆ ಇರುತ್ತದೆ.

ಪಾಲಿಯೆಸ್ಟರ್ ಬಂದದ್ದು ಇತ್ತೀಚೆಗೆ. ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು 1941ರಲ್ಲಿ ಟೆರಿಲೀನ್ ಕಂಡುಹಿಡಿದರು. 1950ರ ದಶಕದಲ್ಲಿ ಅದು ಹಾಯಿಗೆ ಇಳಿಯಿತು. ಅದಕ್ಕೂ ಮುಂಚೆ ಹತ್ತಿ, ಅಗಸೆ ನಾರಿನ ಕಾಲ. ಪಾಲಿಯೆಸ್ಟರ್ ಮೇಲೆ ಬೂಷ್ಟು ಬರೀ ಕಲೆ ಮಾಡುತ್ತದೆ, ಹತ್ತಿಯನ್ನಾದರೋ ತಿಂದೇಬಿಡುತ್ತದೆ. ಆಗ ತೊಳೆಯುವುದಕ್ಕಿಂತ ದೊಡ್ಡ ಕೆಲಸ ಹಾಯಿಗೆ ‘ಬಣ್ಣ’ ಕಟ್ಟುವುದು. ಯುರೋಪಿನ ಹಳೆಯ ಚಿತ್ರಗಳಲ್ಲಿ ಮೀನುದೋಣಿಗಳ ಹಾಯಿ ಕಂದುಗೆಂಪಾಗಿ ಕಾಣುವುದು ಚಿತ್ರಕಾರನ ಶೋಕಿಯಿಂದಲ್ಲ. ದೊಡ್ಡ ಹಂಡೆಯಲ್ಲಿ ತೊಗಟೆಯನ್ನೋ ಕಾಚನ್ನೋ ಕುದಿಸಿ, ಆ ಕಷಾಯದಲ್ಲಿ ಹಾಯಿಯನ್ನೂ ಬಲೆಯನ್ನೂ ಅದ್ದಿ ಒಣಗಿಸುತ್ತಿದ್ದರು. ಅದರ ಟ್ಯಾನಿನ್ ಬೂಷ್ಟನ್ನು ದೂರವಿಡುತ್ತಿತ್ತು. ಬಣ್ಣ ಮಾಸಿದಾಗ ಮತ್ತೆ ಅದ್ದಬೇಕು.

ಕಾಚು ಎಂದರೆ ವೀಳ್ಯಕ್ಕೆ ಹಚ್ಚುವ ಅದೇ ಕಾಚು, ಕಗ್ಗಲಿ ಮರದ ಚೇಗಿನಿಂದ ಇಳಿಸಿದ್ದು. ಭಾರತ ಮತ್ತು ಬರ್ಮಾದಿಂದ ಅದು ಹಡಗೇರಿ ಹೋಗಿ ಉತ್ತರ ಸಮುದ್ರದ ಮೀನುಗಾರರ ಹಾಯಿಯನ್ನು ಕಾಯುತ್ತಿತ್ತು. ಇಲ್ಲಿ ಅಜ್ಜಿಯ ತುಟಿ ಕೆಂಪಾಗುತ್ತಿದ್ದದ್ದೂ ಅಲ್ಲಿ ಹಾಯಿ ಕೆಂಪಾಗುತ್ತಿದ್ದದ್ದೂ ಒಂದೇ ಮರದ ರಸದಿಂದ. ಥೇಮ್ಸ್ ನದಿಯ ಸರಕು ದೋಣಿಯವರ ಪಾಕ ಬೇರೆ: ಕೆಮ್ಮಣ್ಣು, ಕಾಡ್ ಮೀನಿನ ಎಣ್ಣೆ, ಸಮುದ್ರದ ನೀರು. ವಾಸನೆ ಹೇಗಿದ್ದೀತು ಎಂದು ಊಹಿಸಿಕೊಳ್ಳಬಹುದು.

ಕರ್ನಾಟಕದಲ್ಲಿ ಈಗ ಹಾಯಿ ಕಾಣಬೇಕೆಂದರೆ ಕೆಲವೇ ಜಾಗಗಳು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು ಅಭ್ಯಾಸ ಮಾಡುತ್ತಾರೆ. ಒಳನಾಡಿನ ಕೆರೆಯಲ್ಲಿ ಉಪ್ಪಿನ ಕಾಟವಿಲ್ಲ. ಪಾಚಿ, ಕೆಸರು, ಹಕ್ಕಿಯ ಹಿಕ್ಕೆ, ಜೊತೆಗೆ ನಗರ ಹರಿಯಬಿಡುವ ಕೊಳಕು. 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನು ಸತ್ತು ತೇಲಿದ ಕೆರೆ ಅದು. ಅಲ್ಲಿ ನೆನೆದ ಹಾಯಿಯನ್ನು ನಲ್ಲಿ ನೀರಲ್ಲಿ ತೊಳೆಯಲೇಬೇಕು.

ಕಾರವಾರದ್ದು ಬೇರೆಯೇ ಸೊಗಸು. ಅಜಂತಾದ ಐದನೇ ಶತಮಾನದ ಚಿತ್ರವೊಂದನ್ನು ನೋಡಿ ಕಟ್ಟಿದ, ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿದ ‘ಐಎನ್‌ಎಸ್‌ವಿ ಕೌಂಡಿನ್ಯ’ ನೌಕಾಪಡೆಗೆ ಸೇರಿದ್ದು ಅಲ್ಲಿ, 2025ರ ಮೇ 21ರಂದು. ಅದರ ಚೌಕ ಹಾಯಿಗಳ ಮೇಲೆ ಸೂರ್ಯ ಮತ್ತು ಗಂಡಭೇರುಂಡ. ಅದೇ ಡಿಸೆಂಬರ್ 29ಕ್ಕೆ ಪೋರಬಂದರಿನಿಂದ ಹೊರಟು 2026ರ ಜನವರಿ 14ಕ್ಕೆ ಮಸ್ಕತ್ ಮುಟ್ಟಿತು. ಹೊಲಿದ ಹಡಗನ್ನು ಸುದ್ದಿಮನೆಗಳು ಕೊಂಡಾಡಿದವು. ಅದರ ಗಂಡಭೇರುಂಡಕ್ಕೆ ಬೂಷ್ಟು ಹತ್ತದಂತೆ ಮಳೆಗಾಲವೆಲ್ಲ ನೋಡಿಕೊಳ್ಳುವವರು ಯಾರು ಎಂದು ಯಾವ ಕ್ಯಾಮೆರಾವೂ ಕೇಳಲಿಲ್ಲ, ಕೇಳುವ ಪದ್ಧತಿಯೂ ಇಲ್ಲ. ವಿದೇಶಗಳಲ್ಲಿ ಹಾಯಿ ತೊಳೆದುಕೊಡುವುದನ್ನೇ ವೃತ್ತಿ ಮಾಡಿಕೊಂಡ ‘ಲಾಫ್ಟ್’ ಎಂಬ ಕಾರ್ಯಾಗಾರಗಳಿವೆ. ನಮ್ಮಲ್ಲಿ ಇದು ಕ್ಲಬ್ಬಿನ ದೋಣಿಯಾಳಿನ ಹೆಗಲಿಗೆ, ಇಲ್ಲವೇ ಆಟಗಾರನ ಹೆಗಲಿಗೆ.

ಕ್ರೀಡೆಯಾಗಿ ಹಾಯಿ ಬೆಳೆಯದಿರುವುದಕ್ಕೆ ಹಣದ ಕಾರಣ ಎಲ್ಲರೂ ಹೇಳುತ್ತಾರೆ, ಸುಳ್ಳಲ್ಲ. ಆದರೆ ಕಲಿಯುವ ಮಕ್ಕಳಿಗೆ ಹೊಸ ಹಾಯಿ ಬೇಕಿಲ್ಲ. ಸ್ಪರ್ಧೆಗೆ ಬಿಗಿ ಸಾಲದೆಂದು ಬದಿಗಿಟ್ಟ ಹಾಯಿಯನ್ನು ತೊಳೆದು, ಹೊಲಿಗೆ ಗಟ್ಟಿ ಮಾಡಿಕೊಟ್ಟರೆ ಅದು ಹತ್ತು ವರ್ಷದ ಹುಡುಗಿಗೆ ಗಾಳಿಯ ಅಕ್ಷರಾಭ್ಯಾಸಕ್ಕೆ ಧಾರಾಳವಾಯಿತು. ಮಕ್ಕಳ ದೋಣಿಯಾದ ಆಪ್ಟಿಮಿಸ್ಟ್‌ನ ಹಾಯಿ ಮೂರೂವರೆ ಚದರ ಮೀಟರ್ ಕೂಡ ಇಲ್ಲ. ಜೋಡಿ ಹಾಸಿಗೆಯ ಹೊದಿಕೆಗಿಂತ ಚಿಕ್ಕದು. ಮಳೆಗಾಲದಲ್ಲೂ ಜಗಲಿಯ ಹಗ್ಗದ ಮೇಲೆ ಒಣಗುತ್ತದೆ.

ಕುಶಾಲನಗರದ ಪಕ್ಕದಲ್ಲೇ ಹಾರಂಗಿ ಜಲಾಶಯ ಇದೆ. ಗರಿಷ್ಠ ಮಟ್ಟ 2,859 ಅಡಿ, 8.5 ಟಿಎಂಸಿ ಅಡಿ ನೀರು, ಸಮುದ್ರದ ಉಪ್ಪಿಲ್ಲ, ಮಹಾನಗರದ ಕೊಳಕಿಲ್ಲ. ಆ ನೀರು ಕಾವೇರಿ ಸೇರಿ ಕೃಷ್ಣರಾಜಸಾಗರ ತುಂಬುತ್ತದೆ, ಅಲ್ಲಿನ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ಬಿನ ದೋಣಿಗಳನ್ನು ತೇಲಿಸುತ್ತದೆ. ಗಣಪತಿಯ ಪದಕದ ಸುದ್ದಿ ಓದಿ ಹಾಯಿ ಹಿಡಿಯಬೇಕೆಂದು ಆಸೆಪಟ್ಟ ಕೊಡಗಿನ ಮಗು ಮಾತ್ರ ತನ್ನೂರಿನ ನೀರಿನ ಹಿಂದೆಯೇ ಹುಣಸೂರು ದಾಟಿ ಮೈಸೂರಿನ ಬಸ್ಸು ಹತ್ತಬೇಕು.