ರಾಸ್ ವಂಶವಾಹಿಗಳ ರಚನೆಯೂ ಕಾರ್ಯವೂ

ಅರ್ಬುದರೋಗಕ್ಕೆ, ಎಂದರೆ ಕ್ಯಾನ್ಸರಿಗೆ, ಕಾರಣವಾಗತಕ್ಕ ವಂಶವಾಹಿಗಳಲ್ಲಿ ರಾಸ್ ಕುಲವು ಪ್ರಧಾನವಾದುದು. 1964ರಲ್ಲಿ ಹಾರ್ವೆ ಎಂಬ ವಿದುಷಿಯೂ 1967ರಲ್ಲಿ ಕರ್ಸ್ಟನ್ ಮೊದಲಾದವರೂ ಇಲಿಜಾತಿಯ ಪ್ರಾಣಿಗಳಲ್ಲಿ ‘ಸಾರ್ಕೋಮ’ವೆಂಬ ಅರ್ಬುದವನ್ನುಂಟುಮಾಡುವ ವೈರಸ್ಸುಗಳನ್ನು ವರ್ಣಿಸಿದರು. ‘ರ‍್ಯಾಟ್ ಸಾರ್ಕೋಮ’ ಎಂಬುದರ ಸಂಕ್ಷೇಪವೇ ರಾಸ್. ಆದರೆ ಈ ವಂಶವಾಹಿಯು ವೈರಸ್ಸಿನ ಸ್ವಂತ ಸೊತ್ತಲ್ಲ. ಪ್ರಾಣಿಗಳ ಜೀವಕೋಶದಿಂದಲೇ ಅದು ಪಡೆದುದೆಂದು ಮುಂದೆ ತಿಳಿದುಬಂದಿತು.

ಮನುಷ್ಯನಲ್ಲಿ ಇವು ಮೂರು: ಹೆಚ್‌ರಾಸ್, ಕೆರಾಸ್, ಎನ್‌ರಾಸ್. ಇವುಗಳಿಂದ ಹುಟ್ಟುವ ಪ್ರೋಟೀನುಗಳು 188 ಅಥವಾ 189 ಅಮೈನೋ ಆಮ್ಲಗಳ ಸರಗಳಾಗಿವೆ. ಪೂರ್ವಭಾಗವು ಎಲ್ಲದರಲ್ಲಿಯೂ ಬಹುಮಟ್ಟಿಗೆ ಸಮಾನ. ಭೇದವು ಮುಖ್ಯವಾಗಿ ಅಂತ್ಯಭಾಗದಲ್ಲಿ. ಆ ತುದಿಗೆ ಕೂಡಿಕೊಂಡ ಸ್ನೇಹಾಂಶವು ಪ್ರೋಟೀನನ್ನು ಕೋಶದ ಪೊರೆಯ ಒಳಮೈಯಲ್ಲಿ ನೆಲೆಗೊಳಿಸುತ್ತದೆ.

ಬೆಳೆಯಬೇಕೆಂಬ ಹೊರಗಣ ಸಂಜ್ಞೆಯನ್ನು ಒಳಕ್ಕೆ ಮುಟ್ಟಿಸುವುದೇ ಇದರ ಕಾರ್ಯ. ಜಿಟಿಪಿ ಎಂಬ ಅಣುವನ್ನು ಹಿಡಿದಿರುವಾಗ ಇದು ಪ್ರವೃತ್ತವಾಗಿರುವುದು. ಅದನ್ನು ಜಿಡಿಪಿಯಾಗಿ ಒಡೆದೊಡನೆ ನಿವೃತ್ತವಾಗುವುದು. ಒಡೆಯುವುದಕ್ಕೆ ‘ಗ್ಯಾಪ್’ ಎಂಬ ಬೇರೆ ಪ್ರೋಟೀನುಗಳು ನೆರವಾಗುತ್ತವೆ.

ಮೂತ್ರಕೋಶದ ಅರ್ಬುದವೊಂದರ ಹೆಚ್‌ರಾಸಿನಲ್ಲಿ ಒಂದೇ ಒಂದು ಅಕ್ಷರವು ವ್ಯತ್ಯಸ್ತವಾಗಿರುವುದು 1982ರಲ್ಲಿ ಕಂಡುಬಂದಿತು. ಅದರಿಂದ 12ನೆಯ ಸ್ಥಾನದ ಗ್ಲೈಸೀನಿಗೆ ಬದಲಾಗಿ ವ್ಯಾಲೀನ್ ನಿಲ್ಲುತ್ತದೆ. ಗ್ಲೈಸೀನ್ ಅಮೈನೋ ಆಮ್ಲಗಳಲ್ಲೆಲ್ಲ ಕಿರಿದು; ಅದರ ಎಡೆಯಲ್ಲಿ ಹಿರಿದಾದುದು ಬಂದರೆ ಜಿಟಿಪಿ ಒಡೆಯುವುದಕ್ಕೆ ಅಡ್ಡಿಯಾಗುತ್ತದೆ. ಪ್ರವೃತ್ತಿಯುಂಟು, ನಿವೃತ್ತಿಯಿಲ್ಲ, ಕೋಶವು ಎಡೆಬಿಡದೆ ವೃದ್ಧಿಗೆ ಪ್ರೇರಿತವಾಗುತ್ತದೆ.

ಆದುದರಿಂದ ಇಲ್ಲಿ ದೋಷವು ವಂಶವಾಹಿಯದಲ್ಲ, ಅದರ ವಿಕಾರದ್ದು. ಚಿಕಿತ್ಸೆಯೂ ವಿಕಾರವನ್ನು ಮಾತ್ರ ಹಿಡಿಯತಕ್ಕದ್ದು. 2021ರಲ್ಲಿ ಅಮೆರಿಕೆಯಲ್ಲಿ ಶ್ವಾಸಕೋಶದ ಅರ್ಬುದಕ್ಕೆ ಅಂಗೀಕೃತವಾದ ಸೋಟೊರಾಸಿಬ್ ಎಂಬ ಔಷಧವು, ಕೆರಾಸಿನ 12ನೆಯ ಸ್ಥಾನದಲ್ಲಿ ಸಿಸ್ಟೀನ್ ಬಂದಿರುವಲ್ಲಿ ಅದಕ್ಕೇ ಅಂಟಿ, ಪ್ರೋಟೀನನ್ನು ನಿವೃತ್ತಸ್ಥಿತಿಯಲ್ಲಿ ನಿಲ್ಲಿಸುತ್ತದೆ.