ಚೌತಿಗೆ ಬಿತ್ತಿ, ದೀಪಾವಳಿಗೆ ಕಡಿಯಿರಿ

ನಮ್ಮ ಹಟ್ಟಿಯಲ್ಲಿ ಈಗ ಇರುವುದು ಒಂದೇ ದನ. ಸಿಗುವ ಗೊಬ್ಬರ ಅಡಿಕೆ ಮರಗಳ ಬುಡಕ್ಕೇ ಸಾಲದು. ಹಾಗಾದರೆ ತರಕಾರಿಗೆ ಏನು ಹಾಕುವುದು? ಲೋಡುಗಟ್ಟಲೆ ಗೊಬ್ಬರ ತರಿಸಿ ಬೆಂಡೆಕಾಯಿ ಬೆಳೆದರೆ ಪೇಟೆಯ ಬೆಂಡೆಯೇ ಅಗ್ಗ ಅನಿಸೀತು. ನಮ್ಮ ಕಡೆ ಹಟ್ಟಿ ಖಾಲಿಯಾದ ಹಲವು ಮನೆಗಳಲ್ಲಿ ತರಕಾರಿ ಸಾಲುಗಳೂ ಖಾಲಿಯಾದದ್ದನ್ನು ನೋಡಿದ್ದೇನೆ. ನಮ್ಮ ಐದು ಸೆಂಟ್ಸ್ ತರಕಾರಿ ಜಾಗ ಹಡಿಲು ಬೀಳದೆ ಉಳಿದಿದ್ದರೆ ಅದಕ್ಕೆ ಹಸುರೆಲೆ ಗೊಬ್ಬರದ ಬೆಳೆಗಳೇ ಕಾರಣ.

ಹಸುರೆಲೆ ಗೊಬ್ಬರದ ಬಗ್ಗೆ ಸಲಹೆಗಳಿಗೇನೂ ಬರಗಾಲವಿಲ್ಲ. ಆದರೆ ಹೆಚ್ಚಿನವು ಗದ್ದೆಯ ಲೆಕ್ಕ: ಎಕ್ರೆಗಿಷ್ಟು ಬೀಜ, ಆಮೇಲೆ ಉಳುಮೆ. ಹಿತ್ತಿಲಿಗೆ ನೇಗಿಲೂ ಇಲ್ಲ, ಟ್ರಾಕ್ಟರೂ ಇಲ್ಲ. ಒಂದು ಕತ್ತಿ, ಒಂದು ಹಾರೆ, ಎರಡು ಕೈ ಅಷ್ಟೆ. ಅದಕ್ಕೆ ಹೊಂದುವ ಕ್ರಮ ಬೇರೆಯೇ.

ಮೊದಲು ಬಿಡುವು, ಆಮೇಲೆ ಬೀಜ

‘ಯಾವ ಬೀಜ ಒಳ್ಳೆಯದು?’ ಎಂದು ಹಲವರು ಕೇಳುತ್ತಾರೆ. ನಾನು ತಿರುಗಿ ಕೇಳುವುದು, ‘ನಿಮ್ಮ ಸಾಲು ಯಾವಾಗ ಖಾಲಿ? ಎಷ್ಟು ದಿನ ಖಾಲಿ?’ ಅಂತ. ಇದು ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ನಮ್ಮ ದಕ್ಷಿಣ ಕನ್ನಡದಲ್ಲಿ ಪತ್ತನಾಜೆಯ ಆಸುಪಾಸಿಗೆ ಹಾಕಿದ ಬೆಂಡೆ, ಮುಳ್ಳುಸೌತೆ, ಹೀರೆ ಚೌತಿಯ ಹೊತ್ತಿಗೆ ಬಹುಪಾಲು ಮುಗಿಯುತ್ತವೆ. ಬೇಸಗೆಯ ತರಕಾರಿಗೆ ಸಾಲು ಮಾಡುವುದು ದೀಪಾವಳಿ ಕಳೆದ ಮೇಲೆ. ಚೌತಿಯಿಂದ ದೀಪಾವಳಿಗೆ ಸುಮಾರು 55 ದಿನ. ಅಪ್ಸೆಣಬು ಹೂ ಬಿಡಲು ಬೇಕಾದದ್ದು 45ರಿಂದ 50 ದಿನ. ನಮಗಾಗಿಯೇ ಮಾಡಿದ ಹಾಗಿದೆ! ನೀರು ಬಿಡುವ ಕೆಲಸವೂ ಇಲ್ಲ, ಕೊನೆಯ ಮಳೆಗಳೇ ಸಾಕು.

ಎಲ್ಲಿಗೆ ಯಾವುದು?

ಅಪ್ಸೆಣಬು: ಹಳದಿ ಹೂವಿನ, ನೆಟ್ಟಗೆ ಏಳುವ ಗಿಡ. ನೀರು ನಿಂತರೆ ಸಾಯುತ್ತದೆ. ಬಸಿದು ಹೋಗುವ ಮುರ ಮಣ್ಣಿಗೆ ಒಳ್ಳೆಯದು. ಬೆಂಡೆ, ಬದನೆ, ಟೊಮೆಟೊ ಬೇರಿಗೆ ಗಂಟು ಕಟ್ಟಿಸುವ ಜಂತುಹುಳು ಇದರ ಬೇರಿನಲ್ಲಿ ಹೆಚ್ಚಲಾರದು. ಹಾಗಾಗಿ ಈ ಮೂರರ ಮೊದಲು ಇದೇ ನನ್ನ ಆಯ್ಕೆ. ಚೌತಿಯ ನಂತರ ಹಗಲು ಕಿರಿದಾಗುವುದರಿಂದ ಗಿಡ ಗಿಡ್ಡ ಇರುವಾಗಲೇ ಹೂ ಬಿಡುತ್ತದೆ. ಅದಕ್ಕೆ ಬೀಜ ಸ್ವಲ್ಪ ದಪ್ಪವಾಗಿಯೇ ಬಿತ್ತಬೇಕು.

ಡಯಾಂಚ: ನೀರು ನಿಂತರೂ ಜಗ್ಗದ ಗಿಡ. ಮಳೆಗಾಲವಿಡೀ ಖಾಲಿ ಬಿಡುವ ತಗ್ಗಿನ ಸಾಲಿಗೆ ಮೇ ತಿಂಗಳ ಮಳೆಗೇ ಬಿತ್ತಿ. ಜಡಿಮಳೆ ಬರಿ ಮಣ್ಣಿಗೆ ಹೊಡೆದು ಸಾರ ಕೊಚ್ಚಿಕೊಂಡು ಹೋಗುವುದೂ ತಪ್ಪುತ್ತದೆ.

ಅಲಸಂಡೆ: ಬೇಗ ನೆಲ ಮುಚ್ಚುತ್ತದೆ, ಬೀಜ ಮನೆಯಲ್ಲೇ ಇರುತ್ತದೆ. ಆದರೆ ಜಂತುಹುಳು ಇದರ ಬೇರಿಗೂ ಬರುತ್ತದೆ. ಗಂಟುಬೇರು ಕಂಡ ಸಾಲಿಗೆ, ಮುಂದೆ ಅಲಸಂಡೆಯನ್ನೇ ಬೆಳೆಯುವ ಸಾಲಿಗೆ ಬೇಡ.

ಹುರುಳಿ: ಮಳೆ ನಿಲ್ಲುವ ಹೊತ್ತಿಗೆ, ನೀರು ಹೋಗದ ಮೇಲಿನ ಮೂಲೆಗೆ. ಮಣ್ಣಿನ ಪಸೆಯಲ್ಲೇ ಬೆಳೆಯುತ್ತದೆ.

ಖಾಲಿಯೇ ಆಗದ ಬಸಳೆ, ತೊಂಡೆ ಚಪ್ಪರಗಳಿಗೆ ಏನು ಮಾಡುವುದು? ಬೇಲಿಯ ಗೊಬ್ಬರದ ಗಿಡ, ಅಂದರೆ ಗ್ಲಿರಿಸೀಡಿಯ. ಅದರ ಸೊಪ್ಪು ಸವರಿ ಬುಡಕ್ಕೆ ಹಾಕಿ.

ಬಿತ್ತುವ ಕ್ರಮ

ಸೆಂಟ್ಸಿಗೆ ಅಪ್ಸೆಣಬು 150ರಿಂದ 200 ಗ್ರಾಂ, ಡಯಾಂಚ ಮತ್ತು ಅಲಸಂಡೆ 200 ಗ್ರಾಂ ಸಾಕು. ಹಳೆಯ ಬಳ್ಳಿ ಕಿತ್ತು, ಮೇಲ್ಮಣ್ಣು ಕೆರೆದು, ಬೀಜ ಚೆಲ್ಲಿ ತೆಳ್ಳಗೆ ಮುಚ್ಚಿದರಾಯಿತು. ಅದೇ ಬೆಳೆ ಹಿಂದೆ ಚೆನ್ನಾಗಿ ಬಂದ ಜಾಗದಿಂದ ಒಂದು ಹಿಡಿ ಮಣ್ಣು ತಂದು ಬೀಜಕ್ಕೆ ಬೆರೆಸಿ. ಬೇರಿನಲ್ಲಿ ಗುಳ್ಳೆ ಕಟ್ಟುವ ಸೂಕ್ಷ್ಮಜೀವಿ ಆ ಮಣ್ಣಿನೊಂದಿಗೆ ಬರುತ್ತದೆ.

ತಿಂಗಳಾದ ಮೇಲೆ ಒಂದು ಗಿಡವನ್ನು ಬೇರು ಸಮೇತ ಎಬ್ಬಿಸಿ, ಒಂದು ಗುಳ್ಳೆಯನ್ನು ಉಗುರಿನಿಂದ ಒಡೆದು ನೋಡಿ. ಒಳಗೆ ನಸುಗೆಂಪು ಇದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆದಿದೆ. ಬೆಳ್ಳಗಿದ್ದರೆ ಇನ್ನೂ ಶುರುವಾಗಿಲ್ಲ.

ಕಡಿಯಲು ಮನಸ್ಸು ಬರಬೇಕು

ಕಷ್ಟ ಇರುವುದು ಇಲ್ಲಿ. ಅಲಸಂಡೆ ಹೂ ಬಿಟ್ಟಾಗ ನಾನು ಕತ್ತಿ ಹಿಡಿದು ಹೊರಟರೆ ಅಮ್ಮ ಅಡ್ಡ ಬರುತ್ತಾರೆ: “ಹೂ ಬಿಟ್ಟದ್ದನ್ನು ಕಡಿಯುದಾ ಮಗಾ? ನಾಲ್ಕು ದಿನ ನಿಂತರೆ ಪಲ್ಯಕ್ಕೆ ಆಗ್ತದಲ್ಲ!” ಅವರು ಹೇಳುವುದರಲ್ಲಿಯೂ ನ್ಯಾಯ ಇದೆ. ಆದರೆ ಗಿಡ ಕೂಡಿಟ್ಟ ಸಾರಜನಕ ಬೀಜ ಬಲಿಯುತ್ತಿದ್ದಂತೆ ಬೀಜಕ್ಕೆ ಹೋಗುತ್ತದೆ. ಕೋಡು ಅಡುಗೆಮನೆ ಸೇರಿದರೆ ಮಣ್ಣಿಗೆ ಉಳಿಯುವುದು ನಾರು. ಕೊನೆಗೆ ನಮ್ಮಲ್ಲಿ ರಾಜಿಯಾದದ್ದು ಹೀಗೆ: ಅಂಚಿನ ಒಂದು ಸಾಲು ಅಮ್ಮನ ಪಲ್ಯಕ್ಕೆ, ಉಳಿದದ್ದು ಮಣ್ಣಿಗೆ. ಅಂಚಿನದ್ದರಲ್ಲಿ ಮುಂದಿನ ವರ್ಷದ ಬೀಜವೂ ಆಗುತ್ತದೆ.

ಮೊದಲ ಹೂಗಳು ಕಂಡ ಕೂಡಲೇ ನೆಲಮಟ್ಟಕ್ಕೆ ಕಡಿಯಿರಿ. ಕೀಳಬೇಡಿ; ಬೇರು ಅಲ್ಲೇ ಕೊಳೆಯಲಿ. ಗೇಣುದ್ದ ತುಂಡು ಮಾಡಿ ಹರಡಿ, ಎರಡು ದಿನ ಬಾಡಿಸಿ, ಹಾರೆಯಿಂದ ತೆಳ್ಳಗೆ ಮಣ್ಣು ಎಳೆದು ಮುಚ್ಚಿ. ಮಣ್ಣಿನಲ್ಲಿ ಪಸೆ ಇಲ್ಲದಿದ್ದರೆ ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಕೊಳೆಯುವುದಿಲ್ಲ.

ಬದನೆ, ಮೆಣಸಿನ ಸಸಿ ನೆಡಲು ಹದಿನೈದು ದಿನ ಕಾಯಿರಿ. ಹರಿವೆಯಂಥ ಸಣ್ಣ ಬೀಜ ಬಿತ್ತುವುದಿದ್ದರೆ ಮೂರು ವಾರ ಬೇಕು. ಹಸಿ ಸೊಪ್ಪು ಕೊಳೆಯುತ್ತಿರುವ ಮಣ್ಣಿನಲ್ಲಿ ಎಳೆ ಮೊಳಕೆಯೂ ಕೊಳೆತೀತು.

ಮದುವೆ, ಜ್ವರ ಅಂತ ಕಡಿಯುವುದು ತಡವಾಗಿ ದಂಟು ಗಟ್ಟಿಯಾದರೆ? ಆಗ ಹೂಳಬೇಡಿ. ಗಟ್ಟಿ ದಂಟು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಬೆಳೆ ಹಳದಿಯಾಗುತ್ತದೆ. ಸಾಲಿನ ಮೇಲೆ ಹೊದಿಕೆಯಾಗಿ ಹಾಸಿ, ಬೇಸಗೆಯ ನೀರು ಉಳಿತಾಯಕ್ಕೆ ಆಯಿತು. ಬೀಜ ಬಲಿತ ಅಪ್ಸೆಣಬನ್ನು ದನಕ್ಕೆ ಮಾತ್ರ ಹಾಕಬೇಡಿ, ಅದರ ಬೀಜದಲ್ಲಿ ವಿಷಾಂಶ ಇದೆ.

ಸಿಗುವುದೆಷ್ಟು?

ಒಂದು ಸೆಂಟ್ಸಿನ ಅಪ್ಸೆಣಬನ್ನು ಕಡಿದು ತೂಗಿದಾಗ ನನಗೆ 60 ಕಿಲೋ ಸಿಕ್ಕಿತು. ಹಸಿ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. ಒಣ ಲೆಕ್ಕ 12 ಕಿಲೋ. ಅದರಲ್ಲಿ ನೂರಕ್ಕೆ ಎರಡೂವರೆಯಂತೆ ಹಿಡಿದರೆ ಸಾರಜನಕ ಸುಮಾರು 300 ಗ್ರಾಂ. ಹಟ್ಟಿಗೊಬ್ಬರದಲ್ಲಿ ನೂರಕ್ಕೆ ಅರ್ಧ ಅಂತ ಹಿಡಿದರೆ 60 ಕಿಲೋ ಗೊಬ್ಬರಕ್ಕೆ ಸಮ ಆಯಿತು. ಅಂದರೆ ಸಾರಜನಕದ ಮಟ್ಟಿಗೆ ಹೆಚ್ಚುಕಡಿಮೆ ಕಿಲೋಗೆ ಕಿಲೋ!

ಆದರೆ ಇದು ಸಾರಜನಕದ ಮಾತು ಮಾತ್ರ. ರಂಜಕ, ಪೊಟ್ಯಾಶನ್ನು ಗಿಡ ಗಾಳಿಯಿಂದ ತರುವುದಿಲ್ಲ, ಅದೇ ಮಣ್ಣಿನದ್ದನ್ನು ಮೇಲೆತ್ತಿ ಕೊಡುತ್ತದೆ ಅಷ್ಟೆ. ಹಾಗಾಗಿ ಒಲೆಯ ಬೂದಿ, ಸುಡುಮಣ್ಣು, ಒಂದೆರಡು ಬುಟ್ಟಿ ಹಟ್ಟಿಗೊಬ್ಬರ ನಾನು ಬಿಟ್ಟಿಲ್ಲ. ಒಂದೇ ದನ ಇರುವ ಮನೆಗೆ ಅಷ್ಟು ಹೊಂದಿಸುವುದು ಕಷ್ಟವಲ್ಲ.

ಈ ಚೌತಿಗೆ ಇಡೀ ಹಿತ್ತಿಲಿಗೆ ಬಿತ್ತಬೇಕಾಗಿಲ್ಲ. ಒಂದು ಸಾಲಿಗೆ ಅಪ್ಸೆಣಬು ಬಿತ್ತಿ, ಪಕ್ಕದ ಸಾಲು ಹಾಗೇ ಬಿಡಿ. ಎರಡಕ್ಕೂ ಒಂದೇ ದಿನ ಬೆಂಡೆ ಹಾಕಿ, ಒಂದೇ ಸಮ ನೀರು ಕೊಡಿ. ಮುಂದಿನ ವರ್ಷ ಎಷ್ಟು ಬೀಜ ತರಬೇಕು ಎಂಬುದನ್ನು ಆ ಎರಡು ಸಾಲುಗಳೇ ಹೇಳುತ್ತವೆ.